ಕೈಮರ ಸ್ಟೇರಿಂಗ್ ಹಿಡಿದ ವರ್ಷ

ಜನವರಿ 9

ತಂಗಿಗೆ ಕಾಗದ ಬರೆಯೋಣ ಎಂದು ಕೂತೆ. "ಅಣ್ಣ ಆಸ್ಪತ್ರೆಯಿಂದ ಮನೆಗೆ ಬಂದ, ಚೆನ್ನಾಗಿದ್ದಾನೆ" ಎಂಬಲ್ಲಿಗೆ ಕೈ ನಿಂತಿತು. ಅಷ್ಟನ್ನು ಅವಳಿಗೆ ಕಳಿಸಿ ಮಿಕ್ಕದ್ದನ್ನು ಇಲ್ಲಿ ಬರೆದುಕೊಳ್ಳುತ್ತೇನೆ. ಅವಳು ಓದಿದರೆ ಒಂದೋ ಅಳುತ್ತಾಳೆ, ಇಲ್ಲ ನನಗೇ ಬೈಯುತ್ತಾಳೆ. ಎರಡನ್ನೂ ತಡೆದುಕೊಳ್ಳುವ ತ್ರಾಣ ನನಗೀಗ ಇಲ್ಲ.

ಅವನ ಬೆನ್ನಿನ ಆಪರೇಷನ್ ಆಯಿತು, ನೋವು ಹೋಯಿತು. ಆದರೆ ಎಡಗಾಲಿನ ಪಾದ ಎತ್ತಲು ಬರುತ್ತಿಲ್ಲ. ನಡೆದರೆ ಚಪ್ಪಲಿ ನೆಲ ಗುಡಿಸುತ್ತದೆ. ಡಾಕ್ಟರಮ್ಮ ನನ್ನನ್ನು ಬಾಗಿಲ ಆಚೆ ಕರೆದು, "ಇದಿಷ್ಟೇ, ಇನ್ನು ಹೆಚ್ಚು ಸುಧಾರಿಸೋದು ಕಷ್ಟ" ಅಂದರು. ದಿನಾ ಬೆಳಗ್ಗೆ ಯಾರಾದರೂ ಪಾದ ಹಿಡಿದು ಮೇಲೆ ಕೆಳಗೆ ಆಡಿಸಬೇಕಂತೆ, ಇಲ್ಲದಿದ್ದರೆ ಕೀಲು ಬಿಗಿದುಕೊಳ್ಳುತ್ತದಂತೆ. ನಾನು ಮಾಡುತ್ತೇನೆ ಅಂದೆ.

ಅಣ್ಣ ಗೇಟು ದಾಟಿ ಮೊದಲು ವಿಚಾರಿಸಿದ್ದು ಗಾಡಿಯನ್ನು.

"ಬ್ಯಾಟರಿ ವೈರು ಬಿಚ್ಚಿಟ್ಟಿದ್ಯಾ?"

"ಬಿಚ್ಚಿಟ್ಟಿದೀನಿ."

"ಯಾರೂ ನನ್ನ ಗಾಡಿ ಮುಟ್ಟಿಲ್ವಲ್ಲ?"

ಈ ಮನೆಯಲ್ಲಿ ಇರುವವರು ಅವನು, ಅತ್ತಿಗೆ, ನಾನು. ಅತ್ತಿಗೆ ಶೆಡ್ಡಿನ ಕಡೆ ತಲೆ ಹಾಕಿ ಮಲಗುವುದೂ ಇಲ್ಲ. ಹಾಗಾಗಿ ಯಾರೂ ಎಂದರೆ ನಾನೇ. ಯಾರೋ ಗುತ್ತಿಗೆದಾರ ಮಳೆಗೆ ಬಿಟ್ಟು ಹೋಗಿದ್ದ ಹಳೇ ಜೀಪನ್ನು ನಾವಿಬ್ಬರೂ ಸೇರಿ ಕೊಂಡದ್ದು. ಎಂಜಿನ್ ಇಳಿಸಿ, ಒಂದೊಂದು ಬೋಲ್ಟನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಯಾರ ಹತ್ತಿರವೂ ಕಲಿಯದೆ ತಪ್ಪಿ ತಪ್ಪಿ ಕಟ್ಟಿದವನು ನಾನು. ನಮ್ಮ ಗಾಡಿ ಎಂಬ ಮಾತು ಮಾತ್ರ ಅವನ ಬಾಯಿಗೆ ಒಂದು ದಿನವೂ ಬರಲಿಲ್ಲ.

ಇರಲಿ. ಕಾಲು ಹಾಗಾಗಿರುವವನ ಜೊತೆ ಲೆಕ್ಕ ಇಡಬಾರದು.

ಜನವರಿ 16

ದುರ್ಬೀನು ಬಂದಿದ್ದ. ನಮ್ಮ ಗುಂಪಿಗೆ ಅವನೇ ಯಜಮಾನ. ವರ್ಷಕ್ಕೆ ಎರಡು ಮೂರು ಸಲ ಐದಾರು ಹಳೇ ಗಾಡಿಗಳು ಸೇರಿ ಕಲ್ಲುದಾರಿ ಹಿಡಿದು ಹೋಗುವಾಗ ದಿನ ಗೊತ್ತು ಮಾಡುವವನು, ಮುಂದೆ ಹೋಗುವವನು ಅವನು. ಕೊರಳಲ್ಲಿ ಸದಾ ದುರ್ಬೀನು ನೇತಾಡುತ್ತಿರುತ್ತದೆ. ರೋಗಿಯನ್ನು ನೋಡಲು ಬಂದಾಗಲೂ ಇತ್ತು.

"ಮಾರ್ಚ್ ಕೊನೇಲಿ ಗುಡ್ಡದ ದಾರಿ. ನೀವು ಈ ಸಲ ವಿಶ್ರಾಂತಿ ತಗೊಳ್ಳಿ" ಅಂದ.

"ವಿಶ್ರಾಂತಿ ಸತ್ತ ಮೇಲೆ ಬೇಕಾದಷ್ಟಿದೆ. ಗುಡ್ಡ ಹತ್ತಿಸೋದು ನಾನೇ" ಅಂದ ಅಣ್ಣ.

"ಎಡಗಾಲಿನ ಕ್ಲಚ್ಚು ಯಾರು ಒತ್ತಬೇಕು, ನಮ್ಮಕ್ಕನಾ?"

ಅಡುಗೆಮನೆಯಿಂದ ಅತ್ತಿಗೆ, "ನಾನು ಇವರ ಕಾಲು ಒತ್ತೋದೇ ಸಾಕಾಗಿದೆ. ಅಣ್ಣ ತಮ್ಮ ಇಬ್ಬರೂ ಆ ತಗಡಿಗೇ ತಾಳಿ ಕಟ್ಟಬೇಕಿತ್ತು, ನನ್ನ ಯಾಕೆ ತಂದ್ರೋ" ಅಂದರು.

ಎಲ್ಲರೂ ನಕ್ಕೆವು. ಅಣ್ಣ ಮಾತ್ರ ನಗದೆ ನನ್ನ ಕಡೆ ತಿರುಗಿದ. "ಕೈಯಲ್ಲಿ ಎಳೆಯೋ ಕ್ಲಚ್ಚು ಮಾಡಿಕೊಡ್ತೀಯೇನೋ?"

ನನ್ನನ್ನು ಹೀಗೆ ಕೇಳಿದ್ದು ಇದೇ ಮೊದಲು. ಅವನಿಗೆ ಹೇಳಿ ಅಭ್ಯಾಸ ಇದೆ, ಕೇಳಿ ಇಲ್ಲ. "ಮಾಡಿಕೊಡ್ತೀನಿ ಕಣೋ, ಗುಡ್ಡ ನೀನೇ ಹತ್ತಿಸು" ಅಂದೆ. ಅವನ ಪಾದ ಇವತ್ತು ಸ್ವಲ್ಪ ಬೆಚ್ಚಗಿತ್ತು.

ಜನವರಿ 25

ಕೆಲಸ ಶುರು ಮಾಡಿದೆ. ಮೊದಲು ಗಾಡಿಯ ಭಾರ ಹೊರುವ ಸ್ಪ್ರಿಂಗು, ಕಮಾನು ಪಟ್ಟಿ. ಹೋದ ಸಲ ಗುಡ್ಡದಲ್ಲಿ ಹೊಟ್ಟೆ ಕಲ್ಲಿಗೆ ತಾಗಿ ತಾಗಿ ಗಾಡಿ ಗೋಳಾಡಿತ್ತು. ಹೊಸ ಪಟ್ಟಿ ಸೇರಿಸಿ ನಾಲ್ಕು ಮೂಲೆಯೂ ಒಂದು ಗೇಣು ಎತ್ತಿದೆ. ಜಾಕಿ ಇಳಿಸಿದಾಗ ಗಾಡಿ ಕೋಣದ ಹಾಗೆ ತಲೆ ಎತ್ತಿ ನಿಂತಿತು.

ಅಣ್ಣ ಕಿಟಕಿಯಿಂದ ನೋಡುತ್ತಿದ್ದ. "ಬ್ರೇಕಿನ ಹೋಸು ಪೈಪು ಉದ್ದ ಮಾಡಿದ್ಯಾ?"

"ಮಾಡಿದೀನಿ" ಅಂದೆ.

ಮಾಡಿರಲಿಲ್ಲ. ಎತ್ತರಿಸಿದ ಮೇಲೆ ಚಕ್ರ ಹೊಂಡಕ್ಕೆ ಇಳಿದರೆ ಹಳೇ ಹೋಸು ಸಾಲದೆ ಕಿತ್ತು ಬರುತ್ತದೆ. ಅದು ಗೊತ್ತಿದ್ದೂ ಮರೆತಿದ್ದೆ. ಅವನು ಊಟಕ್ಕೆ ಒಳಗೆ ಹೋದ ಮೇಲೆ ಗಾಡಿ ಕೆಳಗೆ ತೂರಿ ಬದಲಾಯಿಸಿದೆ. ಹಾಸಿಗೆಯಲ್ಲಿ ಕೂತವನಿಗೆ ಇದೆಲ್ಲ ಸುಲಭವಾಗಿ ಹೊಳೆಯುತ್ತದೆ. ಗ್ರೀಸು ಮೆತ್ತಿಕೊಂಡವನಿಗೆ ನೂರೆಂಟು ಯೋಚನೆ.

ಫೆಬ್ರವರಿ 2

ಹೊಸ ಪಟ್ಟಿ ಕೂರಬೇಕಾದರೆ ಗಾಡಿ ಒಂದಿಷ್ಟು ಓಡಬೇಕು. ಹಳೇ ಕಲ್ಲುಗಣಿಯ ಹಿಂದಿನ ದಾರಿಗೆ ಒಬ್ಬನೇ ತೆಗೆದುಕೊಂಡು ಹೋದೆ. ಪರೀಕ್ಷೆಗೆ ಅಷ್ಟೇ.

ಟಾರು ರಸ್ತೆಯಲ್ಲಿ ನಾನು ಎಷ್ಟೋ ಸಲ ಓಡಿಸಿದ್ದೇನೆ. ಪೆಟ್ರೋಲಿಗೆ, ವೆಲ್ಡರ್ ಹತ್ತಿರಕ್ಕೆ, ಅತ್ತಿಗೆಯ ಸಾಮಾನಿಗೆ. ಕಲ್ಲುದಾರಿ ಬಂದ ಕೂಡಲೇ ಅಣ್ಣ, "ಇಳಿ, ಕೈ ತೋರಿಸು" ಅನ್ನುತ್ತಾನೆ. ಇಕ್ಕಟ್ಟಿನಲ್ಲಿ ಸ್ಟೇರಿಂಗ್ ಹಿಡಿದವನಿಗೆ ಬಾನೆಟ್ಟಿನ ಕೆಳಗಿನ ಕಲ್ಲು ಕಾಣುವುದಿಲ್ಲ. ಅದಕ್ಕೆ ಒಬ್ಬ ಇಳಿದು, ಗಾಡಿಗೆ ಮುಖ ಮಾಡಿ, ಹಿಂದೆ ಹಿಂದೆ ಹೆಜ್ಜೆ ಇಡುತ್ತ ಚಕ್ರ ಎಲ್ಲಿಡಬೇಕೆಂದು ಕೈಯಲ್ಲಿ ತೋರಿಸಬೇಕು. ಓಡಿಸುವವನು ನೆಲ ನೋಡಕೂಡದು, ಕೈ ಒಂದನ್ನೇ ನೋಡಬೇಕು. ಇದು ನಮ್ಮ ಗುಂಪಿನ ಕಟ್ಟಳೆ. ಅಣ್ಣ ಚಕ್ರ, ನಾನು ಕೈ. ಅದಕ್ಕೇ ಗುಂಪಿನಲ್ಲಿ ನನಗೆ ಕೈಮರ ಎಂದು ಹೆಸರು. ಧೂಳು, ಹೊಗೆ, ಮುಳ್ಳು ಎಲ್ಲ ಕೈಮರಕ್ಕೆ, ಶಹಬ್ಬಾಸ್‌ಗಿರಿ ಸ್ಟೇರಿಂಗಿಗೆ.

ಇವತ್ತು ಲೋ ಗೇರಿಗೆ ಹಾಕಿ ಕ್ಲಚ್ಚು ಬಿಟ್ಟೆ. ಗಾಡಿ ತಾನಾಗಿ, ಮುನಿಸಿಲ್ಲದೆ, ಒಂದೊಂದು ಕಲ್ಲನ್ನೂ ಮೂಸಿ ನೋಡಿಕೊಂಡು ಏರಿತು. ಸ್ಟೇರಿಂಗ್ ಅಂಗೈಯಲ್ಲಿ ಜೀವ ಇರುವ ಹಾಗೆ ಮಿಸುಕುತ್ತಿತ್ತು. ಮೇಲೆ ನಿಲ್ಲಿಸಿ ಇಳಿದಾಗ ಈ ವಯಸ್ಸಿಗೆ ನಾಚಿಕೆಯಾಗುವಷ್ಟು ಖುಷಿ.

ಅಣ್ಣನಿಗೆ, "ಪಟ್ಟಿ ಚೆನ್ನಾಗಿ ಕೂತಿದೆ" ಎಂದಷ್ಟೇ ಹೇಳಿದೆ.

ಫೆಬ್ರವರಿ 5

ಮತ್ತೆ ಗಣಿ ದಾರಿ. ಪಟ್ಟಿ ಇನ್ನೊಂದಿಷ್ಟು ಕೂರಬೇಕು.

ಫೆಬ್ರವರಿ 8

ಗಣಿ ದಾರಿ.

ಫೆಬ್ರವರಿ 17

ಕೈ ಕ್ಲಚ್ಚು ಮುಗಿಯಿತು. ಹಳೇ ಹ್ಯಾಂಡ್‌ಬ್ರೇಕಿನ ಹಿಡಿಕೆಯನ್ನು ಬಾಗಿಲ ಕಡೆ ಸೀಟಿನ ಪಕ್ಕ ಕೂರಿಸಿ, ಅಲ್ಲಿಂದ ಕ್ಲಚ್ಚಿನ ಪೆಡಲಿಗೆ ಒಂದು ಸಲಾಕೆ. ಹಿಡಿಕೆ ಎಳೆದರೆ ಪೆಡಲು ತಾನೇ ಕೆಳಗೆ ಹೋಗುತ್ತದೆ. ವೆಲ್ಡರ್ ಬೆಸುಗೆ ಹಾಕುತ್ತ, "ನಿಮ್ಮಣ್ಣನ ಪುಣ್ಯ ಕಣ್ರೀ. ನಮ್ಮಣ್ಣನಿಗೆ ನಾನು ಸೈಕಲ್ ಬೆಲ್ಲೂ ಹಾಕಿಕೊಡಲ್ಲ" ಅಂದ.

ಮಧ್ಯಾಹ್ನ ಅಣ್ಣನನ್ನು ಹಿಂದಿನ ಬಯಲಿಗೆ ಕರೆದುಕೊಂಡು ಹೋದೆ. ಅತ್ತಿಗೆಯೂ ಬಂದರು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು. ಎರಡು ಸಲ ಎಂಜಿನ್ ನಿಂತಿತು. ಮೂರನೆಯ ಸಲ ಹಿಡಿಕೆಯನ್ನು ಬೆಣ್ಣೆಯಿಂದ ಕೂದಲು ಎಳೆದ ಹಾಗೆ ಮೆಲ್ಲಗೆ ಬಿಟ್ಟ ನೋಡಿ, ಗಾಡಿ ಹೊರಟೇಹೋಯಿತು. ಬಯಲಿನ ಅಂಚಿನ ಮಣ್ಣುದಿಬ್ಬ ಹತ್ತಿಸಿ ಇಳಿಸಿದ. ಹಿಂದಕ್ಕೆ ತಂದ. ಅವನಿಗೆ ಕಾಲೇ ಬೇಕಾಗಿರಲಿಲ್ಲವೇನೋ ಅನ್ನಿಸಿತು.

ಅತ್ತಿಗೆ ಅಳುತ್ತಿದ್ದರು. "ಏನು ಕೈಯಪ್ಪ ನಿನ್ನದು" ಎಂದು ನನ್ನ ಕೈ ಹಿಡಿದುಕೊಂಡರು.

ಅಣ್ಣ ಗಾಡಿಯಲ್ಲೇ ಕೂತು, "ತಮ್ಮಾ, ನೀನಿಲ್ಲದಿದ್ರೆ ನಾನು ಇನ್ನು ಕಿಟಕಿ ಕಾಯೋ ಮುದುಕ ಕಣೋ" ಅಂದ.

ಎಲ್ಲ ಒಳ್ಳೆಯದೇ ಆಯಿತು. ಯಾಕೋ ಊಟ ಸೇರಲಿಲ್ಲ.

ಫೆಬ್ರವರಿ 24

ಒಂದು ವಿಷಯ ಯಾರಿಗೂ ಹೊಳೆದಿಲ್ಲ. ಒಂದು ಕೈ ಕ್ಲಚ್ಚಿನ ಹಿಡಿಕೆಯಲ್ಲಿ, ಇನ್ನೊಂದು ಗೇರಿನಲ್ಲಿ. ಆ ಗಳಿಗೆಯಲ್ಲಿ ಸ್ಟೇರಿಂಗ್ ಯಾರ ಕೈಯಲ್ಲಿ? ಇವತ್ತು ಕೇಳಿದೆ.

ಅಣ್ಣ ನಕ್ಕ. "ಏರಿನಲ್ಲಿ ಯಾವನೋ ಗೇರು ಬದಲಾಯಿಸೋನು? ಕೆಳಗೇ ಲೋ ಗೇರಿಗೆ ಹಾಕಿದ್ರೆ ತುದಿ ತನಕ ಅದೇ."

"ಮಧ್ಯ ಎಂಜಿನ್ ನಿಂತ್ರೆ?"

"ನಿಂತ್ರೆ ಬ್ರೇಕ್ ಒತ್ತಿ ಮತ್ತೆ ಶುರು ಮಾಡೋದು. ಬಲಗಾಲಿಗೇನಾಗಿದೆ?"

ಎಲ್ಲದಕ್ಕೂ ಅವನ ಹತ್ತಿರ ಉತ್ತರ ಇದೆ. ಮೊದಲಿಂದಲೂ ಹಾಗೇ. ನಾನೊಂದು ಮಾತು ಎತ್ತಿದರೆ ಅವನು ನಗುವುದು, ಅಲ್ಲಿಗೆ ನನ್ನ ಮಾತು ಮುಗಿಯಿತು.

ಪಾದದ ವ್ಯಾಯಾಮ ಇವತ್ತು ಮಾಡಿಸಲಾಗಲಿಲ್ಲ. ಕೈ ತುಂಬ ಗ್ರೀಸು.

ಮಾರ್ಚ್ 4

ಮುಂದಿನ ಚಕ್ರದ ಬೇರಿಂಗ್ ಬಿಚ್ಚಿ ಗ್ರೀಸು ತುಂಬಿದೆ. ಬಂಪರಿಗೆ ಎಳೆಯುವ ಕೊಕ್ಕೆ ಕೂರಿಸಿದೆ. ಗಾಳಿ ಎಳೆಯುವ ಕೊಳವೆಯನ್ನು ಮೇಲಕ್ಕೆತ್ತಿದೆ, ಹಳ್ಳದಲ್ಲಿ ನೀರು ಎಂಜಿನ್‌ಗೆ ಹೋಗಬಾರದು. ದುರ್ಬೀನು ಫೋನ್ ಮಾಡಿದಾಗ, "ನನ್ನ ಗಾಡಿ ಈಗ ಆನೆ. ನಿಮ್ಮದನ್ನೂ ಹಿಂದೆ ಕಟ್ಟಿಕೊಂಡು ಹತ್ತಿಸ್ತೀನಿ" ಅಂದೆ.

"ನಿಮ್ಮಣ್ಣ ಓಡಿಸ್ತಾರಂತಲ್ಲ?"

"ನೋಡೋಣ" ಅಂದೆ.

ಅತ್ತಿಗೆ ಪಾದದ ವ್ಯಾಯಾಮ ತಾವೇ ಮಾಡಿಸುತ್ತಿದ್ದಾರೆ. ಹೆಂಗಸರಿಗೆ ಅಂಥದ್ದರಲ್ಲಿ ತಾಳ್ಮೆ ಜಾಸ್ತಿ.

ಮಾರ್ಚ್ 13

ಅಣ್ಣ ಊರುಗೋಲು ಊರಿಕೊಂಡು ದಿನಾ ಶೆಡ್ಡಿಗೆ ಬರುತ್ತಾನೆ. ಆ ಬೋಲ್ಟು ಬಿಗಿಯಾಯಿತಾ, ಈ ವೈರು ಯಾಕೆ ಹೀಗೆ. ಇವತ್ತು ತಡೆಯಲಾಗಲಿಲ್ಲ.

"ಅಣ್ಣ, ಕೆಲಸ ಮಾಡೋರಿಗೆ ಗೊತ್ತಿರುತ್ತೆ. ನೀನು ಹೋಗಿ ಕೂತ್ಕೋ."

ಊರುಗೋಲು ಊರುತ್ತ ಒಳಗೆ ಹೋದ. ಅತ್ತಿಗೆ ಆಮೇಲೆ ಕಾಫಿ ತಂದುಕೊಟ್ಟು, "ಅವರು ಬೋಲ್ಟು ನೋಡೋಕೆ ಬರ್ತಾರೆ ಅಂದ್ಕೊಂಡಿದ್ಯಾ? ನಿನ್ನ ಜೊತೆ ಮಾತಾಡೋಕೆ ಬರ್ತಾರೆ ಕಣಪ್ಪ" ಅಂದರು.

ಮಾತಾಡುವುದಕ್ಕೆ ಮನೆಯೊಳಗೆ ಜಾಗ ಇಲ್ಲವೇ? ಕಾಫಿ ಆರಿಹೋಗಿತ್ತು.

ಮಾರ್ಚ್ 20

ಕೈ ಕ್ಲಚ್ಚಿನ ಬೆಸುಗೆಯಲ್ಲಿ ಒಂದು ಗೆರೆ ಕಂಡಿತು. ಬೆಳಕಿಗೆ ಹಿಡಿದು ನೋಡಿದೆ, ಉಗುರಿನಲ್ಲಿ ಕೆರೆದೆ. ಉಗುರಿಗೆ ಸಿಗಲಿಲ್ಲ. ಆದರೂ ಇತ್ತು.

ಬಿಚ್ಚಿ ವೆಲ್ಡರ್ ಹತ್ತಿರ ತೆಗೆದುಕೊಂಡು ಹೋದೆ. ಅವನು ಕನ್ನಡಕ ಮೇಲಕ್ಕೇರಿಸಿ ನೋಡಿ, "ಇದು ಬಿರುಕಲ್ಲ ಸಾರ್, ಬೆಸುಗೆಯ ಗೆರೆ. ಉಜ್ಜಿದ್ರೆ ಹೋಗುತ್ತೆ, ತನ್ನಿ ಇಲ್ಲಿ" ಎಂದು ಉಜ್ಜುಗಾಗದ ತೆಗೆದ.

"ಬೇಡ ಬಿಡಿ" ಎಂದು ಇಸಿದುಕೊಂಡು ಬಂದೆ. ಅವನಿಗೇನು, ಇಲ್ಲಿ ಕೂತು ಹೇಳುತ್ತಾನೆ. ಏರಿನ ಮಧ್ಯ ಅದು ಮುರಿದರೆ ಕಣಿವೆಗೆ ಬೀಳುವವರು ನಾವು.

ಅಣ್ಣನಿಗೆ, "ಹಿಡಿಕೆ ಬಿರುಕು ಬಿಟ್ಟಿದೆ, ಹೊಸದು ಮಾಡೋಕೆ ಹೊರಡೋದ್ರೊಳಗೆ ಆಗಲ್ಲ, ಈ ಸಲ ನಾನೇ ಓಡಿಸ್ತೀನಿ" ಅಂದೆ. ಬೈಗುಳಕ್ಕೆ ಸಿದ್ಧನಾಗಿದ್ದೆ.

ಅವನು ಕೈ ಚಾಚಿದ. "ಎಲ್ಲಿ, ಕೊಡು ನೋಡೋಣ."

"ವೆಲ್ಡರ್ ಹತ್ತಿರ ಬಿಟ್ಟು ಬಂದೆ."

ಚಾಚಿದ ಕೈಯನ್ನು ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದು, ಆಮೇಲೆ ಮೊಣಕಾಲ ಮೇಲೆ ಇಟ್ಟುಕೊಂಡ. "ಆಯ್ತು. ನೀನು ಓಡಿಸು. ಕೈ ನಾನು ತೋರಿಸ್ತೀನಿ."

"ಆ ಕಾಲಲ್ಲಾ?"

"ಕೈ ತೋರಿಸೋಕೆ ಕೈ ಸಾಕಲ್ವೇನೋ?"

ನಾನು ಸುಳ್ಳು ಹೇಳಲಿಲ್ಲ. ಗೆರೆ ಇತ್ತು. ಬಿರುಕು ಶುರುವಾಗುವುದು ಗೆರೆಯಿಂದಲೇ. ಹಿಡಿಕೆಯನ್ನು ಶೆಡ್ಡಿನ ಅಟ್ಟದ ಮೇಲೆ, ಹಳೇ ಸಾಮಾನಿನ ಡಬ್ಬದಲ್ಲಿ ಹಾಕಿದ್ದೇನೆ.

ಮಾರ್ಚ್ 30

ಹೋಗಿ ಬಂದೆವು. ಆದದ್ದನ್ನು ಆದ ಹಾಗೇ ಬರೆಯುತ್ತೇನೆ, ಜನ ಆಮೇಲೆ ತಮಗೆ ತೋಚಿದ್ದು ಹೇಳುತ್ತಾರೆ.

ಗುಡ್ಡದ ಬುಡದ ತನಕ ಸುಖವಾಗಿ ಹೋಯಿತು. ಅಣ್ಣ ಪಕ್ಕದಲ್ಲಿ ಕೂತಿದ್ದ, ಪಾದಕ್ಕೆ ಪಟ್ಟಿ ಕಟ್ಟಿಕೊಂಡು. ದಾರಿಯುದ್ದಕ್ಕೂ ಹಳೇ ಕತೆ ಹೇಳಿದ. ಒಂದು ಸಲ ಹಳ್ಳದಲ್ಲಿ ಗಾಡಿ ಅರ್ಧ ಮುಳುಗಿ ನಾವಿಬ್ಬರೂ ಮೇಲಿನ ತಗಡು ಹತ್ತಿ ಕೂತದ್ದು, ನಾನು ಕೆಳಗಿಳಿದು ನೀರೊಳಗೆ ಕೈ ಮಾತ್ರ ಮೇಲೆತ್ತಿ ದಾರಿ ತೋರಿಸಿದ್ದು. "ಅವತ್ತು ಇವನ ಕೈ ಬಿಟ್ಟು ಬೇರೆ ಏನೂ ಕಾಣ್ತಿರಲಿಲ್ಲ. ಅದೊಂದನ್ನೇ ನಂಬಿ ಬಂದೆ" ಎಂದು ಬುಡದಲ್ಲಿ ಎಲ್ಲರೆದುರು ಹೇಳಿ ನಕ್ಕ. ನನ್ನ ಗಮನ ಎಂಜಿನ್ ಬಿಸಿಯ ಮುಳ್ಳಿನ ಮೇಲಿತ್ತು.

ಮೆಟ್ಟಿಲು ಬಂಡೆ ಬಂತು, ದಾರಿ ಕಲ್ಲಿನ ಮೆಟ್ಟಿಲಾಗಿ ಏರುವ ಜಾಗ. ಒಂದು ಕಡೆ ಬಂಡೆ ಗೋಡೆಯಂತೆ ನಿಂತಿದೆ, ಇನ್ನೊಂದು ಕಡೆ ಕಣಿವೆ, ನಡುವೆ ಗಾಡಿಯಗಲದ ದಾರಿ. ದುರ್ಬೀನು ಅಣ್ಣನ ಕಾಲು ನೋಡಿ, "ನಾನು ಕೈ ತೋರಿಸ್ಲಾ?" ಅಂದ. ಅಣ್ಣ, "ಬೇಡ, ಇವನಿಗೆ ನಾನಿದೀನಲ್ಲ" ಎಂದು ಇಳಿದ. ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕೈ ಮೇಲೆ. ಹಿಂದೆ ಹಿಂದೆ ಹೆಜ್ಜೆ ಇಡುವುದು ನೋಡುವವರಿಗೇ ಕಷ್ಟವಾಗುತ್ತಿತ್ತು. ಬೆವರು ಗದ್ದದಿಂದ ತೊಟ್ಟಿಕ್ಕುತ್ತಿತ್ತು.

ಎರಡು ಮೆಟ್ಟಿಲು ಅವನು ತೋರಿಸಿದ ಹಾಗೇ ಹತ್ತಿಸಿದೆ. ಮೂರನೆಯದರಲ್ಲಿ ಕೈಯನ್ನು ಕಣಿವೆಯ ಕಡೆಗೆ ಬೀಸಿದ. ಇನ್ನೂ ಬಾ, ಇನ್ನೂ. ಆ ಕಡೆ ನನಗೆ ಬರೀ ಆಕಾಶ ಕಾಣುತ್ತಿತ್ತು. ನಾನು ತಲೆ ಹೊರಗೆ ಹಾಕಿ ನೆಲ ನೋಡಿದೆ, ಬಂಡೆಯ ಕಡೆಗೆ ಚೂರು ತಿರುಗಿಸಿದೆ. ಹಿಂದಿನ ಚಕ್ರ ಸಂದಿಗೆ ಜಾರಿತು, ಎರಡು ಚಕ್ರಗಳ ನಡುವಿನ ಆಕ್ಸಲ್ಲಿನ ಹೊಟ್ಟೆ ಕಲ್ಲಿನ ಮೇಲೆ ಕೂತಿತು. ಗಾಡಿ ಅತ್ತಲೂ ಇಲ್ಲ, ಇತ್ತಲೂ ಇಲ್ಲ, ಚಕ್ರ ಗಾಳಿಯಲ್ಲಿ ತಿರುಗುತ್ತಿತ್ತು.

ಹಿಂದಿನವರೆಲ್ಲ ಇಳಿದು ಬಂದರು. ದುರ್ಬೀನು, "ಏನಾಯ್ತು ಕೈಮರ, ಕೈ ನೋಡ್ಲಿಲ್ವಾ?" ಎಂದು ಕೇಳಿದ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ನೋಡಿದ್ದಕ್ಕೇ ಹೀಗಾಗಿದ್ದು. ಆಪರೇಷನ್ ಆದ್ಮೇಲೆ ಅವನಿಗೆ ಅಂದಾಜು ಸಿಗ್ತಿಲ್ಲ" ಅಂದೆ.

ಸ್ವಲ್ಪ ಜೋರಾಗಿಯೇ ಅಂದೆ ಅನ್ನಿಸುತ್ತದೆ. ಅಣ್ಣ ಮೇಲೆ, ನಾಲ್ಕು ಮಾರು ದೂರದಲ್ಲಿ ನಿಂತಿದ್ದ. ಕೈ ಇನ್ನೂ ಎತ್ತಿಯೇ ಇತ್ತು. ನಿಧಾನವಾಗಿ ಇಳಿಸಿದ.

ದುರ್ಬೀನು ಅವನ ಕಡೆ ತಿರುಗಿದ. "ಹೌದಾ?"

"ಹೌದು. ನಾನೇ ತಪ್ಪು ತೋರಿಸ್ದೆ" ಅಂದ ಅಣ್ಣ.

ಅವನೇ ಒಪ್ಪಿಕೊಂಡ ಮೇಲೆ ನಾನು ಇನ್ನೇನು ಹೇಳಲಿ?

ಮುಂದಿನ ಗಾಡಿಯ ಹಗ್ಗಕ್ಕೆ ಕೊಕ್ಕೆ ಹಾಕಿ ಎಳೆಸಿದೆವು. ನಾನು ಕೂರಿಸಿದ ಕೊಕ್ಕೆ ಕದಲಲಿಲ್ಲ. ನಮ್ಮ ಹಿಂದೆ ಇದ್ದವನು ಕಣಿವೆಯ ಅಂಚು ಹಿಡಿದೇ ಸಲೀಸಾಗಿ ಬಂದ. ಅವನ ಗಾಡಿ ಅಗಲ ಕಮ್ಮಿ. ಅಳೆದಿಲ್ಲ, ನೋಡಿದರೆ ಗೊತ್ತಾಗುತ್ತದೆ.

ಮೇಲೆ ತಲುಪಿದಾಗ ಎಲ್ಲರೂ ತುದಿಗೆ ಹೋಗಿ ನಿಂತರು. ಅಣ್ಣ ಗಾಡಿಯಿಂದ ಇಳಿಯಲಿಲ್ಲ. ಬರುವಾಗ ದಾರಿಯಲ್ಲಿ ಒಂದು ಕತೆಯನ್ನೂ ಹೇಳಲಿಲ್ಲ. ಗಾಡಿಯ ಸದ್ದು ಕೇಳಿಸಿಕೊಳ್ಳಲು ಅನುಕೂಲವಾಯಿತು. ಹಿಂದಿನ ಆಕ್ಸಲ್ಲಿನಲ್ಲಿ ಸಣ್ಣದೊಂದು ಗೊಣಗು ಇದೆ, ನೋಡಬೇಕು.

ಏಪ್ರಿಲ್ 3

ಆಕ್ಸಲ್ಲಿನ ಎಣ್ಣೆ ಇಳಿಸಿದೆ. ಲೋಹದ ಪುಡಿ ಇಲ್ಲ. ಬಚಾವು.

ತಂಗಿ ಫೋನ್ ಮಾಡಿದ್ದಳು. "ಅಣ್ಣ ಯಾಕೋ ಮಾತೇ ಆಡಲ್ಲ, ಹಾಂ ಹೂಂ ಅಂತಾನೆ. ಗುಡ್ಡದಲ್ಲಿ ಏನಾದ್ರೂ ಆಯ್ತಾ?" ಅಂದಳು.

"ವಯಸ್ಸಾಯ್ತಲ್ಲ" ಅಂದೆ.

ಏಪ್ರಿಲ್ 12

ದುರ್ಬೀನು ಫೋನ್ ಮಾಡಿ ಮುಂದಿನ ಸವಾರಿಯ ಮಾತೆತ್ತಿದ. ಮರಳು ಹಾದಿ, ದೂರದ್ದು, ನಡುವೆ ಎಲ್ಲೂ ನೀರು ಸಿಗುವುದಿಲ್ಲ. "ಇಬ್ಬರೂ ತಾನೇ?" ಅಂದ. "ಇಲ್ಲ, ನಾನೊಬ್ಬನೇ" ಅಂದೆ. ಅವನು ಫೋನ್ ಇಟ್ಟ. ಮರಳಿನಲ್ಲಿ ಕೈ ತೋರಿಸುವ ಕೆಲಸವೂ ಇರುವುದಿಲ್ಲ.

ಏಪ್ರಿಲ್ 14

ನೀರಿನ ಡ್ರಮ್ಮು ಎಲ್ಲಿಡುವುದು ಎಂಬುದೇ ಎರಡು ದಿನದಿಂದ ತಲೆಯಲ್ಲಿತ್ತು. ಹಿಂದೆ ಇಟ್ಟರೆ ಭಾರ ಹಿಂದಕ್ಕೆ ಬಿದ್ದು ಮುಂದಿನ ಚಕ್ರ ಮರಳು ಕಚ್ಚುವುದಿಲ್ಲ. ಕೊನೆಗೆ ಹೊಳೆಯಿತು. ಪಕ್ಕದ ಸೀಟು ಬಿಚ್ಚಿದರೆ ಡ್ರಮ್ಮು ಅಲ್ಲೇ ಕೂರುತ್ತದೆ, ಭಾರವೂ ಸಮ. ನಾಲ್ಕೇ ಬೋಲ್ಟು. ಒಂದು ತುಕ್ಕು ಹಿಡಿದು ಹಟ ಮಾಡಿತು. ಸೀಮೆಎಣ್ಣೆ ಬಿಟ್ಟು, ತಾಳ್ಮೆಯಿಂದ ಆಡಿಸಿ ಆಡಿಸಿ ಬಿಚ್ಚಿದೆ. ಸೀಟನ್ನು ಶೆಡ್ಡಿನ ಬಾಗಿಲ ಹತ್ತಿರ ನೆಲದ ಮೇಲಿಟ್ಟೆ. ಡ್ರಮ್ಮು ಅಳತೆ ಹಿಡಿದು ಮಾಡಿಸಿದ ಹಾಗೆ ಕೂತಿತು. ಬಹಳ ದಿನದ ಮೇಲೆ ಒಂದು ಕೆಲಸ ಇಷ್ಟು ಅಚ್ಚುಕಟ್ಟಾಗಿ ಆದದ್ದು.

ಡ್ರಮ್ಮಿಗೆ ಪಟ್ಟಿ ಬಿಗಿಯುತ್ತಿದ್ದಾಗ ಒಳಗೆ ಕತ್ತಲಾಯಿತು. ತಿರುಗಿ ನೋಡಿದರೆ ಅಣ್ಣ ಬಂದು ಆ ಸೀಟಿನ ಮೇಲೆ ಕೂತಿದ್ದಾನೆ, ಊರುಗೋಲು ತೊಡೆಯ ಮೇಲಿಟ್ಟುಕೊಂಡು. ಗಾಡಿಯ ಒಳಗೆ ನೋಡಿದ, ಡ್ರಮ್ಮು ನೋಡಿದ. ಯಾವ ಬೋಲ್ಟಿನ ಮಾತೂ ಎತ್ತಲಿಲ್ಲ.

"ಬೆಳಕಿಗೆ ಅಡ್ಡ ಕೂತಿದೀಯ, ಸ್ವಲ್ಪ ಸರಿ" ಅಂದೆ.

ಸರಿದ.